ಮೊದಲ ಸಾಲಿನ ಕೊಡೆ

ನೋಲಿ ಊರಿನ ಸಮುದ್ರದಂಡೆಯಲ್ಲಿ ಬಿಸಿಲಿಗೆ ನೆಟ್ಟ ಕೊಡೆಗಳ ಪೈಕಿ ಮೊದಲ ಸಾಲಿನ ಮೂಲೆಯದು ಎಷ್ಟೋ ಬೇಸಿಗೆಗಳಿಂದ ಈರಿಡೆ ಮತ್ತು ಅವಳ ಗಂಡ ಡೊನಾಟೊನದು. ಬಾಡಿಗೆಯ ಜಾಗವೇ ಆದರೂ ಹಿಡಿದವರು ತಾವಾಗಿ ಬಿಡುವವರೆಗೆ ಬೇರೆಯವರು ಕೇಳುವಂತಿಲ್ಲ. ಕಳೆದ ಚಳಿಗಾಲದಲ್ಲಿ ಡೊನಾಟೊ ತೀರಿಕೊಂಡ.

"ಕೊಡೆ ವಿಷಯ ನಾನೇ ಫೋನ್ ಮಾಡಿ ಮಾತಾಡ್ತೀನಿ ಕಣೆ. ಶನಿವಾರ ನೋಲಿ, ಭಾನುವಾರ ಪಕ್ಕದೂರು ವರಿಗೊಟ್ಟಿ, ಇಬ್ರೂ ಹೋಗ್ಬರೋಣ," ಎಂದಿದ್ದಳು ಗೆಳತಿ ಓರ್ನೆಲ್ಲಾ. ಈರಿಡೆ ಇಬ್ಬರಿಗೂ ಆಗುವಂತೆ ಸೊಪ್ಪು, ಚೀಸ್ ತುಂಬಿದ ಟೋರ್ಟಾ ಬೇಯಿಸಿ ತಂದಿದ್ದಳು.

ಶನಿವಾರ ಅವಳು ನೇರ ಮೂಲೆಯ ಕೊಡೆಗೆ ಹೋದಾಗ ದಂಡೆ ನೋಡಿಕೊಳ್ಳುವ ಪ್ರಿಮೊ ತಡವರಿಸಿದ.

"ಅಕ್ಕಾ, ಇದು ಈಗ ಓರ್ನೆಲ್ಲಾ ಅವರ್ದು. ಯಜಮಾನ್ರು ಹೋದ್ಮೇಲೆ ನಿಮಗೆ ಸಮುದ್ರ ನೋಡೋಕೇ ಆಗಲ್ಲ, ಜಾಗ ಬಿಟ್ಬಿಟ್ರಿ ಅಂತ ಫೋನಲ್ಲಿ ಅಂದ್ರು. ಇವತ್ತಿಗೆ ನಿಮಗೆ ಕೊನೇ ಸಾಲಲ್ಲಿ ಒಂದು ಕೊಡೆ ಹಿಡಿದಿದ್ದಾರೆ."

ಓರ್ನೆಲ್ಲಾ ಆಗಲೇ ಕಾಲು ಚಾಚಿ ಕೂತಿದ್ದಳು. "ಒಂದು ಕೊಡೆಗೆ ಯಾಕೆ ಮುಖ ಊದಿಸ್ತೀಯ? ನೀನೊಬ್ಳೇ ಮುಂದೆ ಕೂತು ಏನ್ಮಾಡ್ತೀಯ? ನಮ್ಮನೆಯವ್ರು ಮಧ್ಯಾಹ್ನ ಬರ್ತಾರೆ, ಅಲ್ಲೀವರೆಗೂ ಅವರ ಕುರ್ಚೀಲಿ ಕೂತ್ಕೋ."

"ಸತ್ತಿದ್ದು ನನ್ನ ಗಂಡ ಕಣೆ, ನಾನಲ್ಲ," ಎಂದು ಈರಿಡೆ ಊಟದ ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ನಡೆದಳು.

ಕೊನೆಯ ಸಾಲಿನಿಂದ ಸಮುದ್ರ ಕಾಣುತ್ತಿರಲಿಲ್ಲ. ಕೊಡೆಗಳ ಸಂದಿಯಲ್ಲಿ ಓರ್ನೆಲ್ಲಾಳ ಹುಲ್ಲಿನ ಟೋಪಿಯಷ್ಟೇ ಕಾಣುತ್ತಿತ್ತು. ಈರಿಡೆ ಟೋರ್ಟಾ ಕತ್ತರಿಸಿ ಅಕ್ಕಪಕ್ಕದ ಗುರುತಿಲ್ಲದವರಿಗೆಲ್ಲ ಹಂಚಿದಳು.

ಮಧ್ಯಾಹ್ನ ಓರ್ನೆಲ್ಲಾ ಗಂಡನ ಪಕ್ಕದಿಂದ ತಿರುಗಿ, "ಊಟ ತಗೊಂಡ್ ಬಾರೇ," ಎಂದು ಕೂಗಿದಳು. ಈರಿಡೆ ಖಾಲಿ ತಟ್ಟೆಯನ್ನು ಎತ್ತಿ ತೋರಿಸಿದಳು.