ಭಾವನ ತಣ್ಣನೆ ಕಾರು

ನನ್ನ ಗಂಡನ ಅಣ್ಣ, ಭಾವ ವೆಂಕಟರಾಯಪ್ಪನವರು ಆ ಕಾರು ತಂದ ಮೇಲೆ, ಬೇಸಿಗೆಯೂ ತಮ್ಮ ಅಪ್ಪಣೆ ಕೇಳಿಯೇ ಊರೊಳಗೆ ಬರಬೇಕು ಅನ್ನುವ ಹಾಗೆ ಓಡಾಡತೊಡಗಿದರು. ಮದರಾಸಿನಲ್ಲಿ ಯಾರೋ ಪರದೇಶದವರು ಮಾರಿ ಹೋದ ಕಾರು ಅದು. ಹಸಿರು ಬಣ್ಣ, ನಮ್ಮ ದನದ ಕೊಟ್ಟಿಗೆಯಷ್ಟು ಉದ್ದ. ಒಳಗೆ ತಣ್ಣನೆ ಗಾಳಿ ಬಿಡುವ ಯಂತ್ರವಿತ್ತು. ಸೂಲಿಬೆಲೆ ಸುತ್ತಮುತ್ತ ಅಂಥದ್ದು ಇನ್ನೊಂದಿರಲಿಲ್ಲ. ಗಾಜು ಏರಿಸಿಕೊಂಡು ಸಂತೆ ಬೀದಿಯಲ್ಲಿ ಮೆಲ್ಲಗೆ ಹೋಗುವುದೆಂದರೆ ಭಾವನಿಗೆ ಪ್ರಾಣ. ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಶಾಲು ಹೊದ್ದು ಕೂತಿರುತ್ತಿದ್ದರು. ಸುಳ್ಳು ಹೇಳುತ್ತಿಲ್ಲ, ಉಣ್ಣೆ ಶಾಲು.

ಸ್ಟೇರಿಂಗಿನ ಪಕ್ಕದಲ್ಲಿ ಎರಡು ಹಿಡಿಗಳಿದ್ದವು. ಒಂದನ್ನು ನೀಲಿ ಬಣ್ಣದ ಕಡೆ ತಳ್ಳಿದರೆ ತಣ್ಣಗೆ, ಕೆಂಪು ಕಡೆ ತಳ್ಳಿದರೆ ಬೆಚ್ಚಗೆ. ಇನ್ನೊಂದು ಗಾಳಿ ಎಲ್ಲಿಂದ ಬರಬೇಕು ಅನ್ನುವುದಕ್ಕೆ. ಒಂದು ಕಡೆ ಇಟ್ಟರೆ ಹೊರಗಿನ ಗಾಳಿ ಒಳಗೆ ಬರುತ್ತದೆ, ಇನ್ನೊಂದು ಕಡೆ ಇಟ್ಟರೆ ಒಳಗಿನ ಗಾಳಿಯೇ ಸುತ್ತುತ್ತದೆ. ಕೆಳಗೆ ಫ್ಯಾನಿನ ಗುಂಡಿ. ಇದೆಲ್ಲ ನಾನು ಆಮೇಲೆ ತಿಳಿದದ್ದು. ಭಾವನ ಲೆಕ್ಕದಲ್ಲಿ ಇದ್ದದ್ದು ಒಂದೇ ವಿದ್ಯೆ, ನೀಲಿ ಹಿಡಿಯನ್ನು ತುದಿಗೆ ತಳ್ಳುವುದು. ಫ್ಯಾನಿನ ಸದ್ದು ಅವರ ಮಾತಿಗೆ ಅಡ್ಡ ಬರುತ್ತದೆಂದು ಅದನ್ನು ಮಾತ್ರ ಸಣ್ಣಗಿಡುತ್ತಿದ್ದರು. ಆ ಹಿಡಿಗಳನ್ನು ಡ್ರೈವರ್ ಮುನಿಸ್ವಾಮಿಯೂ ಮುಟ್ಟುವ ಹಾಗಿರಲಿಲ್ಲ.

ನನಗೆ ಆ ಕಾರಿನ ಹಂಗು ಬಂದದ್ದು ತೋಟದ ದೆಸೆಯಿಂದ. ನನ್ನ ಗಂಡ ಗೋಪಾಲಪ್ಪ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅವರ ಪಾಲಿನ ಹಿಪ್ಪುನೇರಳೆ ತೋಟ, ತೋಟದ ಮೂಲೆಯಲ್ಲಿ ರೇಷ್ಮೆಹುಳ ಸಾಕುವ ಹುಳುಮನೆ ನನ್ನ ಕೈಗೆ ಬಂದವು. ಭಾವನ ತೋಟ ಪಕ್ಕದಲ್ಲೇ, ನಡುವೆ ಒಂದು ಬದು. ತಿಥಿ ಮುಗಿದ ಮಾರನೆಯ ದಿನವೇ ಅವರು ಚಪ್ಪಲಿ ಮೆಟ್ಟಿಕೊಂಡು, ಬೀಡಿ ಹಚ್ಚಿಕೊಂಡು ನಮ್ಮ ಸಾಲುಗಳ ನಡುವೆ ಅಡ್ಡಾಡಿದರು. ಆಳಿನ ಕೈಲಿ ಬದುವನ್ನು ಒಂದು ಕಡೆ ಕಡಿಸಿ ಗಾಡಿ ಹಿಡಿಯುವಷ್ಟು ದಾರಿಯನ್ನೂ ಮಾಡಿಸಿದರು. ಒಬ್ಬಂಟಿ ಹೆಂಗಸು ಹುಳ ಮೇಯಿಸಲಾರಳು, ತೋಟ ಎರಡೂ ಒಂದಾಗಲಿ, ಅವಳ ಹೊಟ್ಟೆಗೆ ನಾನು ಹಾಕುತ್ತೇನೆ ಎಂದು ಊರಿನ ಹಿರಿಯ ಪಿಳ್ಳಪ್ಪನವರ ಜಗಲಿಯಲ್ಲಿ ಕೂತು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಹುಳ ಮೇಯಿಸಿದವಳು ನಾನು. ಗಂಡಸರು ಗೂಡು ಮಾರುವ ದಿನ ಮಾತ್ರ ಅಂಗಿ ತೊಟ್ಟು ಹೊರಡುತ್ತಿದ್ದರು.

ಜಗಲಿಯ ಕೆಳಗೆ ನಿಂತು ಹೇಳಿಬಿಟ್ಟೆ. "ಈ ಸಲ ಬಿಳಿ ಗೂಡಿನ ಹುಳ ತರ್ತೀನಿ. ಅವು ಗೂಡು ಕಟ್ಟಿದ್ರೆ ತೋಟ ನಂದು, ಬದು ದಾಟಿ ಯಾರೂ ಬರಬಾರದು. ಕಟ್ಟಲಿಲ್ಲ ಅಂದ್ರೆ ತಗೊಳ್ಳಿ."

ಅದು ಎಪ್ಪತ್ತೈದನೆಯ ಇಸವಿ. ನಮ್ಮ ಕಡೆ ಎಲ್ಲರೂ ಮೇಯಿಸುತ್ತಿದ್ದದ್ದು ಹಳದಿ ಗೂಡಿನ ಹುಳ, ಗಟ್ಟಿಮುಟ್ಟಾದ ಜಾತಿ. ಬಿಳಿ ಗೂಡಿನದು ಹೊಸದು, ನೂಲು ಚೆನ್ನ, ಆದರೆ ಬಲು ನಾಜೂಕು. ಎಳೆಯ ಹುಳಕ್ಕೆ ಸೆಕೆ ತಾಗಿದರೆ ಮುಗಿಯಿತು. ದೊಡ್ಡಬಳ್ಳಾಪುರದ ಹತ್ತಿರದ ಕೇಂದ್ರದಲ್ಲಿ ಎಳೆಹುಳ ಸಾಕಿ ಕೊಡುತ್ತಿದ್ದರು. ಅಲ್ಲಿಂದ ನಮ್ಮೂರಿಗೆ ಆ ಬಿಸಿಲಲ್ಲಿ ತರುವುದು ಹೇಗೆ?

ಪಿಳ್ಳಪ್ಪನವರು ಗಡ್ಡ ಕೆರೆದುಕೊಂಡು, "ಹಂಗೇ ಆಗ್ಲಿ. ನಿನ್ ಕಾರು ತಣ್ಣಗಿರುತ್ತಲ್ಲೋ ವೆಂಕಟರಾಯಪ್ಪ, ಹುಳ ನೀನೇ ತಂದ್ಕೊಡು" ಎಂದರು. ಅಷ್ಟು ಜನರ ಎದುರು ಕಾರಿನ ಹೆಸರು ಬಂದ ಮೇಲೆ ಭಾವ ಇಲ್ಲವೆನ್ನಲು ಸಾಧ್ಯವೇ? "ಮಹಾರಾಜನ ಥರ ಮಲಗಿಸ್ಕೊಂಡು ಬರ್ತೀನಿ. ಆಮೇಲೆ ಹುಳ ಸತ್ರೆ ನನ್ನ ಕಾರಿನ ಮೇಲೆ ಹೇಳ್ಬೇಡಿ" ಎಂದರು.

ಬೆಳಕು ಹರಿಯುವ ಮೊದಲೇ ಹೊರಟೆವು. ಭಾವ ಮುಂದೆ, ಮುನಿಸ್ವಾಮಿಯ ಪಕ್ಕದಲ್ಲಿ. ನಾನು ಹಿಂದೆ, ಸೆರಗು ತಲೆ ಮೇಲೆ. ಹೊರಡುವ ಮೊದಲೇ ಒಂದು ಜಗಳವಾಯಿತು. ಹೊಗೆಸೊಪ್ಪಿನ ವಾಸನೆ ಹುಳಕ್ಕೆ ವಿಷ, ಬೀಡಿ ಮನೆಯಲ್ಲೇ ಇಟ್ಟು ಬನ್ನಿ ಎಂದೆ. ಗೊಣಗಿಕೊಂಡೇ ಇಟ್ಟು ಬಂದರು.

ಕೇಂದ್ರದಲ್ಲಿ ಹುಳದ ತಟ್ಟೆಗಳು ತಯಾರಿದ್ದವು. ಎರಡನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟು ಆಗತಾನೆ ಎದ್ದ ಹುಳಗಳು, ಭತ್ತದ ಕಾಳಿಗಿಂತ ಸ್ವಲ್ಪ ಉದ್ದ. ಹಿಂದಿನ ಸೀಟಿನ ಮೇಲೆ ತಟ್ಟೆ ಜೋಡಿಸಿದೆ. ನೆನೆಸಿದ ಗೋಣಿಚೀಲಗಳನ್ನು ಕಿಟಕಿಗೆ ಇಳಿಬಿಟ್ಟೆ, ಕಾಲಡಿಗೂ ಹಾಸಿದೆ. ಬೇಸಿಗೆಯಲ್ಲಿ ಹುಳುಮನೆಗೆ ಒದ್ದೆ ಗೋಣಿ ಕಟ್ಟುವುದು ನಮ್ಮಲ್ಲಿ ಮಗುವಿಗೂ ಗೊತ್ತು. ಹುಳ ಇರುವ ಜಾಗಕ್ಕೆ ಗೋಣಿ ಬೇಕು ಎಂದು ಕಾರಿಗೂ ಕಟ್ಟಿದೆ. ಭಾವ ಕೂಡ ತಲೆಯಾಡಿಸಿದರು.

ಅಲ್ಲಿಂದ ನೇರವಾಗಿ ಬಂದಿದ್ದರೆ ಬಿಸಿಲೇರುವ ಮೊದಲೇ ಊರು ಸೇರುತ್ತಿದ್ದೆವು. ಆದರೆ ಭಾವನಿಗೆ ದೊಡ್ಡಬಳ್ಳಾಪುರದ ಹೋಟೆಲಿನ ಮುಂದೆ ಕಾಫಿ ಕುಡಿಯಬೇಕಿತ್ತು. ದೇವನಹಳ್ಳಿಯಲ್ಲಿ ಸ್ನೇಹಿತರ ಮನೆ ಮುಂದೆ ಕಾರು ನಿಲ್ಲಿಸಿ, ಅವರ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮುಂದಿನ ಸೀಟಿನಲ್ಲಿ ಕೂರಿಸಿ ತಣ್ಣನೆ ಗಾಳಿ ತೋರಿಸಬೇಕಿತ್ತು. ನಾನು ಹಿಂದೆ ಕೂತು ಹಲ್ಲು ಕಡಿಯುತ್ತಿದ್ದೆ. ಕೋಟೆ ದಾಟಿ ಸೂಲಿಬೆಲೆ ರಸ್ತೆಗೆ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ.

ಸ್ವಲ್ಪ ದೂರ ಹೋದ ಮೇಲೆ ಸೆಕೆಯಾಗತೊಡಗಿತು. ಮೊದಲು ನನ್ನ ಕತ್ತು ಬೆವರಿತು. ತಟ್ಟೆಯ ಮೇಲಿನ ಕಾಗದ ಎತ್ತಿ ನೋಡಿದರೆ ಹುಳಗಳು ಸೊಪ್ಪು ಬಿಟ್ಟು ಅಂಚಿನ ಕಡೆ ಹರಿಯುತ್ತಿದ್ದವು.

"ಭಾವಾ, ಗಾಳಿ ಬರ್ತಿಲ್ಲ."

"ಬರ್ತಾ ಇದೆ. ಸದ್ದು ಕೇಳಿಸ್ತಿಲ್ವಾ?"

"ಸದ್ದು ಬರ್ತಿದೆ. ಗಾಳಿ ಬರ್ತಿಲ್ಲ."

ಅವರು ನೀಲಿ ಹಿಡಿಯನ್ನು ಇನ್ನಷ್ಟು ಒತ್ತಿದರು. ಅದು ಆಗಲೇ ತುದಿಯಲ್ಲಿತ್ತು, ಇನ್ನೆಲ್ಲಿಗೆ ಹೋಗಬೇಕು! ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಹಣೆಯ ಮೇಲೆ ಬೆವರಿನ ಹನಿ. ಗಾಜು ಮಾತ್ರ ಇಳಿಸಲಿಲ್ಲ.

ಮುನಿಸ್ವಾಮಿ ಮೆಲ್ಲಗೆ ಬಾಯಿ ಬಿಟ್ಟ. "ಯಜಮಾನ್ರೇ, ಒಳಗೆ ಮಂಜು ಕಟ್ಕೊಂಡಿರುತ್ತೆ. ನೀಲಿ ತುದಿಗಿಟ್ಟು, ಫ್ಯಾನು ಸಣ್ಣಗಿಟ್ಟು, ಒಳಗಿನ ಗಾಳೀನೇ ಸುತ್ತಿಸ್ತಾ ಇದ್ರೆ ಹಂಗಾಗುತ್ತೆ ಅಂತ ಮದರಾಸಲ್ಲಿ ಹೇಳಿದ್ರು. ಮಂಜು ಕಟ್ಟಿದ್ರೆ ಗಾಳಿಗೆ ದಾರಿ ಇರಲ್ಲ. ಅದ್ರ ಮೇಲೆ ಇವತ್ತು ಗೋಣಿ ತೇವ ಬೇರೆ."

"ಮುಚ್ಚೋ ಬಾಯಿ. ತಣ್ಣಗಾಗೋದು ಹೆಚ್ಚಾಗಿ ಸೆಕೆಯಾಗುತ್ತೇನೋ ಎಲ್ಲಾದ್ರೂ?"

ಅವರಿಗೆ ನಗು ಬಂದಿತು. ನನಗೆ ಬರಲಿಲ್ಲ. ಮಳೆಗಾಲದಲ್ಲಿ ಹುಳುಮನೆಯ ಬಾಗಿಲು ಮುಚ್ಚಿ, ಗೋಣಿಯನ್ನೂ ಬಿಗಿದರೆ ಏನಾಗುತ್ತದೆಂದು ನಾನು ಕಂಡಿದ್ದೆ. ಗಾಳಿ ನಿಂತು ಸೊಪ್ಪು ಮುಗ್ಗಿ, ಹುಳಕ್ಕೆ ಕಾಯಿಲೆ ಹತ್ತುತ್ತದೆ. ಆಗ ನಮ್ಮತ್ತೆ ಮಾಡುತ್ತಿದ್ದದ್ದು ಒಂದೇ. ಗೋಣಿ ಕಿತ್ತು ಬಿಸಾಡಿ ಕಿಟಕಿ ತೆಗೆಯುತ್ತಿದ್ದರು.

ಗಾಜು ಇಳಿಸಿದೆ. ಕಿಟಕಿಯ ಗೋಣಿಯನ್ನೂ ಕಾಲಡಿಯ ಗೋಣಿಯನ್ನೂ ಕಿತ್ತು ರಸ್ತೆಗೆ ಎಸೆದೆ. ಆಮೇಲೆ ಮುಂದಿನ ಎರಡು ಸೀಟಿನ ನಡುವೆ ಕೈ ಚಾಚಿ, ಭಾವನ ಮೊಣಕಾಲಿನ ಪಕ್ಕದಲ್ಲೇ, ಆ ನೀಲಿ ಹಿಡಿಯನ್ನು ಹಿಡಿದು ನಡುವಿಗೆ ಎಳೆದೆ.

ಭಾವ ನನ್ನ ಕೈಯನ್ನು ಹಾವು ನೋಡಿದ ಹಾಗೆ ನೋಡಿದರು. ತಮ್ಮನ ಹೆಂಡತಿ ಅವರೆದುರು ತಲೆಯೆತ್ತಿ ನಿಲ್ಲುವುದೇ ಇರಲಿಲ್ಲ. ಈಗ ಅವರ ಕಾರಿನ ಹಿಡಿಯನ್ನೇ ಹಿಡಿದಿದ್ದಾಳೆ.

"ನಿಲ್ಸೋ ಕಾರು!" ಎಂದು ಕೂಗಿದರು. ಕಾರು ಹೊಂಗೆ ಮರದ ಕೆಳಗೆ ನಿಂತಿತು. "ಇಳಿ ಕೆಳಗೆ. ನನ್ನ ಕಾರಲ್ಲಿ ಕೂತ್ಕೊಂಡು ನನ್ನ ಮೇಲೇ ಕೈ ಮಾಡ್ತೀಯಾ? ಇಳಿ!"

ಇಳಿದರೆ ಎಲ್ಲ ಮುಗಿಯಿತು. ಹುಳ ಸತ್ತರೆ ತೋಟ ಹೋಯಿತು, ತೋಟ ಹೋದರೆ ಇವರ ಮನೆಯ ಮೂಲೆಯಲ್ಲಿ ಕೂತು ಮುದ್ದೆ ಉಣ್ಣಬೇಕು. ಅದು ಕಣ್ಣಿಗೆ ಕಟ್ಟಿದ ಹಾಗಾಯಿತು. ನನ್ನ ಹೆದರಿಕೆ ಅಲ್ಲೇ ಸತ್ತುಹೋಯಿತು.

"ಈ ಹುಳ ಇಳಿಯೋತನಕ ನಾನು ಇಳಿಯಲ್ಲ ಭಾವಾ. ಗೋಣಿ ತಂದಿದ್ದು ನಂದು ತಪ್ಪು, ಬಿಸಾಕಿದೀನಿ. ಹಿಡಿ ತುದಿಗಿಟ್ಟಿದ್ದು ನಿಮ್ಮದು, ಎಳೆದಿದೀನಿ. ನನ್ ಜೊತೆ ಕೂರೋಕೆ ಆಗಲ್ಲ ಅಂದ್ರೆ ನೀವು ಇಳೀರಿ."

ನಾನು ಹೇಳಿದ್ದು ಅವರು ಇಳಿಯಲಿ ಎಂದಲ್ಲ. ಆದರೆ ಅವರು ಇಳಿದೇಬಿಟ್ಟರು! ಬಾಗಿಲು ದಢಾರನೆ ಹಾಕಿ, ಪಂಚೆ ಎತ್ತಿ ಕಟ್ಟಿ, ರಸ್ತೆಯಲ್ಲಿ ನಮಗೆ ಬೆನ್ನು ಹಾಕಿ ನಿಂತರು. ನಾನು ಓಡಿಹೋಗಿ ಕಾಲು ಹಿಡಿಯುತ್ತೇನೆಂದು ಕಾಯುತ್ತಿದ್ದರು. ಅದು ಅವರ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

"ಮುನಿಸ್ವಾಮಿ, ಹೊರಡು" ಎಂದೆ.

"ಅಕ್ಕಯಮ್ಮೋರೆ, ಯಜಮಾನ್ರು..."

"ಅವರಿಗೆ ನೆರಳಿದೆ, ಹಿಂದ್ಗಡೆ ಬಸ್ ಬರುತ್ತೆ. ಹುಳಕ್ಕೆ ಏನಿದೆ? ಮಂಜು ಕರಗೋಕೆ ಏನ್ ಮಾಡ್ಬೇಕು ಹೇಳು."

ಅವನು ಒಂದು ಸಲ ಹೊಂಗೆ ಮರದ ಕಡೆ, ಒಂದು ಸಲ ತಟ್ಟೆಗಳ ಕಡೆ ನೋಡಿದ. ಗೇರು ಹಾಕಿದ. ಹಿಂದಿನಿಂದ ಭಾವ "ಲೇ! ಲೇ ಮುನಿಸ್ವಾಮಿ!" ಎಂದು ಕೂಗಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಯಂತ್ರದ ತಂಪು ನಿಲ್ಲಿಸಿ ಫ್ಯಾನನ್ನು ಜೋರು ಮಾಡಿದೆವು. ಇನ್ನೊಂದು ಹಿಡಿಯನ್ನು ಹೊರಗಿನ ಗಾಳಿಗೆ ತಿರುಗಿಸಿದೆವು. ಬಿಸಿಲಿನ ಆ ಗಾಳಿಯೇ ಮಂಜನ್ನು ಕರಗಿಸಬೇಕು ಎಂದ ಮುನಿಸ್ವಾಮಿ. ಅಲ್ಲಿಯತನಕ ನಾನು ಸೆರಗಿನಿಂದ ತಟ್ಟೆಗಳಿಗೆ ಗಾಳಿ ಹಾಕುತ್ತಲೇ ಇದ್ದೆ. ಕೈ ಬಿದ್ದುಹೋಗುವ ಹಾಗಾಯಿತು. ಮಾತಾಡಲು ಯಾರೂ ಇಲ್ಲದ್ದಕ್ಕೆ ಹುಳಗಳನ್ನೇ ಬೈದೆ, ಸತ್ತರೆ ನೋಡಿ ನಿಮಗೆ ಅಂತ. ಒಂದು ದಿಬ್ಬ ಏರಿ ಇಳಿಯುವಾಗ ಕಾರಿನ ಹೊಟ್ಟೆಯಿಂದ ನೀರು ಸುರಿದು ರಸ್ತೆಯ ಮೇಲೆ ಗೆರೆ ಎಳೆಯುತ್ತಾ ಬಂತು. ಮುಖಕ್ಕೆ ಗಾಳಿ ಬಡಿಯಿತು. ಆಗ ತಂಪನ್ನು ಮತ್ತೆ ಹಾಕಿ, ನೀಲಿ ಹಿಡಿಯನ್ನು ನಡುವಿಗಿಟ್ಟು ಗಾಜು ಏರಿಸಿದೆವು. ಹದವಾದ ತಂಪು. ಹುಳಗಳು ಮತ್ತೆ ಸೊಪ್ಪಿನ ಮೇಲೆ ಹತ್ತಿದವು. ನನಗೆ ಅಳು ಬಂತು, ಅತ್ತುಬಿಟ್ಟೆ.

ಹುಳ ಇಳಿಸಿಕೊಂಡು ಕಾರನ್ನು ಕೂಡಲೇ ವಾಪಸು ಕಳಿಸಿದೆ. ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲವಂತೆ. ಭಾವ ಬಸ್ಸಿನಲ್ಲಿ, ಕೋಳಿ ಬುಟ್ಟಿಗಳ ನಡುವೆ ನಿಂತುಕೊಂಡು, ಶಾಲನ್ನು ಕಂಕುಳಲ್ಲಿಟ್ಟುಕೊಂಡು ಬಂದು ಊರ ಮುಂದೆ ಇಳಿದರು. ಊರಿಗೆ ಊರೇ ನೋಡಿತು.

ಸಂಜೆ ನನ್ನನ್ನು ಪಿಳ್ಳಪ್ಪನವರ ಜಗಲಿಗೆ ಕರೆಸಿದರು. "ಗಂಡಸನ್ನ ರಸ್ತೇಲಿ ಬಿಟ್ಟು ಬಂದವಳಿಗೆ ತೋಟ ಬೇರೆ ಕೇಡು" ಎಂದರು ಭಾವ. ಸುತ್ತ ಕೂತವರು ನಾನು ತಪ್ಪಾಯಿತು ಅನ್ನುತ್ತೇನೆಂದು ಕಾದರು.

"ನಾನು ಬಿಟ್ಟು ಬರಲಿಲ್ಲ, ಅವರೇ ಇಳಿದ್ರು" ಎಂದೆ. "ಕಾರು ವಾಪಸ್ ಬಂದಿದೆ, ಗೀರು ಬಿದ್ದಿಲ್ಲ. ಮಾತು ಆಗಿರೋದು ಹುಳದ ಮೇಲೆ. ಗೂಡು ಕಟ್ಟೋ ದಿನ ಕರೀರಿ, ಬರ್ತೀನಿ. ಈಗ ಸೊಪ್ಪು ಹಾಕೋ ಹೊತ್ತು." ಸೆರಗು ಸರಿಮಾಡಿಕೊಂಡು ಹೊರಟೇಬಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಪಿಳ್ಳಪ್ಪನವರೇ ಇರಬೇಕು.

ಮೇಲಿನ ತಟ್ಟೆಯೊಂದರ ಹುಳ ಉಳಿಯಲಿಲ್ಲ. ಉಳಿದವು ಉಳಿದವು. ಹುಳುಮನೆಯಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ಭಾವ ತಮ್ಮ ಆಳುಗಳಲ್ಲಿ ಯಾರನ್ನೂ ನನ್ನ ಕೂಲಿಗೆ ಬಿಡಲಿಲ್ಲ. ನಾನೇ ಸೊಪ್ಪು ಕೊಯ್ದೆ, ನಾನೇ ಹೊತ್ತೆ. ಹುಳ ಹಣ್ಣಾಗಿ ಮೈ ಹೊಳೆಯತೊಡಗಿದಾಗ ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟೆ. ಚಂದ್ರಿಕೆಗಳನ್ನು ಹುಳುಮನೆಯ ಮುಂದಿನ ಚಪ್ಪರದಲ್ಲಿ, ರಸ್ತೆಗೆ ಕಾಣುವ ಹಾಗೆ ನಿಲ್ಲಿಸಿದೆ. ಬೇಕೆಂದೇ ನಿಲ್ಲಿಸಿದೆ.

ಚಂದ್ರಿಕೆ ತುಂಬ ಬಿಳಿ ಗೂಡು. ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಪಿಳ್ಳಪ್ಪನವರು ಬಂದು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದರು.

ಮಧ್ಯಾಹ್ನ ಹಸಿರು ಕಾರು ಬಂದು ಬದುವಿನಾಚೆ ನಿಂತಿತು. ಗಾಜು ಇಳಿದಿತ್ತು. ಶಾಲು ಇರಲಿಲ್ಲ.

"ಅಕ್ಕಯಮ್ಮಾ," ಎಂದರು ಭಾವ ಒಳಗಿನಿಂದಲೇ, ಬೇರೆ ಕಡೆ ನೋಡುತ್ತಾ. "ಕಾರು ಮತ್ತೆ ಗಾಳಿ ಬಿಡ್ತಿಲ್ಲ. ಅವತ್ತು ಆ ಹಿಡಿ ಎಲ್ಲಿಟ್ಟಿದ್ದೆ?"

ಮುನಿಸ್ವಾಮಿಯನ್ನು ಕೇಳಬಹುದಿತ್ತು, ಪಕ್ಕದಲ್ಲೇ ಇದ್ದ. ಅವನು ಸ್ಟೇರಿಂಗ್ ನೋಡುತ್ತಾ ನಗು ತಡೆದುಕೊಂಡಿದ್ದ.

"ಕೇಳೋದಿದ್ರೆ ಇಳಿದು ಬಂದು ಕೇಳಿ ಭಾವಾ."

ಅವರು ಇಳಿದರು. ತಾವೇ ಕಡಿಸಿದ್ದ ಬದುವಿನ ಕಂಡಿಯವರೆಗೆ ಬಂದರು. ಗಾಡಿ ಹೋಗುವಷ್ಟು ಅಗಲದ ದಾರಿ ಎದುರಿಗೇ ಇತ್ತು. ಕಾಲು ಎತ್ತಿದವರು ಹಾಗೆಯೇ ನಿಂತರು. ಚಪ್ಪರದ ಬಿಳಿ ಗೂಡು ನೋಡಿದರು, ನನ್ನನ್ನು ನೋಡಿದರು.

"ಬರ್ಲಾ?" ಎಂದರು.

"ಬೀಡಿ ಆಚೆ ಬಿಟ್ಟು ಬನ್ನಿ" ಎಂದೆ.

ಅವರು ಜೇಬಿನಿಂದ ಬೀಡಿ ಕಟ್ಟು ತೆಗೆದು ಬದುವಿನ ಕಲ್ಲಿನ ಮೇಲಿಟ್ಟರು, ಚಪ್ಪಲಿಯನ್ನೂ ಅದರ ಪಕ್ಕದಲ್ಲೇ ಬಿಟ್ಟರು. ನಾನು ಪಕ್ಕಕ್ಕೆ ಸರಿದು ನನ್ನ ತೋಟದೊಳಕ್ಕೆ ಅವರಿಗೆ ದಾರಿ ಬಿಟ್ಟೆ.