ಕಾಜಾ ಅಕ್ಕನ ಮುಷ್ಟಿ

ಬೇಸಿಗೆಯ ನಡುಹಗಲಲ್ಲೂ ಉಣ್ಣೆಯ ಕೈಗವಸು ತೊಟ್ಟು, ಬಾಗಿಲನ್ನು ಮೊಣಕೈಯಿಂದ ನೂಕಿ ಓರೆಯಾಗಿ ಒಳಬರುವುದು ಕಾಜಾ ಅಕ್ಕನ ರೀತಿ. ಅಂಗಿಯ ಗುಂಡಿ ತೂರುವ ಕಾಜಾಕ್ಕೆ ಅವಳಷ್ಟು ಒಪ್ಪವಾಗಿ ಅಂಚು ಕಟ್ಟುವವರು ಆ ಹೊಲಿಗೆ ಅಂಗಡಿಯಲ್ಲಿ ಇನ್ನೊಬ್ಬರಿರಲಿಲ್ಲ. ಚರ್ಮವನ್ನು ಬಿಗಿದು ಗಟ್ಟಿಯಾಗಿಸುವ ಕಾಯಿಲೆ ಬಂದ ಮೇಲೆ, ತಣ್ಣೀರು ಸೋಕಿದರೆ ಸಾಕು, ಬೆರಳುಗಳು ಸುಣ್ಣದಂತೆ ಬಿಳಿಚಿ ನೀಲಿಗಟ್ಟುತ್ತಿದ್ದವು, ತುದಿಗಳಲ್ಲಿ ಹುಣ್ಣು. ಸೂಜಿ ಹಿಡಿಯಲಾಗದೆ ಅವಳು ಬಟ್ಟೆ ಮಡಿಸುವವಳಾದಳು. "ಇರಲಿ ಬಿಡಿ" ಎನ್ನುವುದೇ ಅವಳ ಮಾತಿನ ಪೂರ್ಣವಿರಾಮ.

ಮನೆಯಲ್ಲಿ ಮಾತ್ರ ಪವಾಡವೊಂದು ನಡೆದಿತ್ತು. ಕೂತಲ್ಲಿಗೇ ನೀರು ತರಿಸಿಕೊಳ್ಳುತ್ತಿದ್ದ ಗಂಡ ಗೊಣಗುತ್ತಲೇ ಪಾತ್ರೆ ತೊಳೆಯಲು, ನೆಲ ಒರೆಸಲು ಕಲಿತಿದ್ದ. ಅತ್ತೆ ತರಕಾರಿ ಹೆಚ್ಚುತ್ತಿದ್ದರು.

ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಪ್ರಯೋಗ ನಡೆದಿತ್ತು. ಅವಳದೇ ಹೊಟ್ಟೆಯಿಂದ ಕೊಬ್ಬು ತೆಗೆದು, ಅದರೊಳಗಿನ ಜೀವಕೋಶಗಳನ್ನು ಬೇರ್ಪಡಿಸಿ, ಬೆರಳುಗಳ ಪಕ್ಕಕ್ಕೆ ಚುಚ್ಚಿದರು.

"ಎಲ್ಲರಿಗೂ ಗುಣ ಕಾಣಲ್ಲಮ್ಮ. ಕಂಡ್ರೂ ತಣ್ಣೀರಿಗೆ ಕೈ ಹಾಕ್ಬೇಡಿ," ಎಂದರು ಡಾಕ್ಟರು.

"ಇವಳ ಕೊಬ್ಬು ಇಳಿಸೋಕೆ ನನ್ನ ಕೈಲಾಗ್ಲಿಲ್ಲ, ನೀವಾದ್ರೂ ಇಳಿಸಿದ್ರಲ್ಲ," ಎಂದರು ಅತ್ತೆ. ಅವಳೂ ನಕ್ಕಳು.

ಕೆಲವು ತಿಂಗಳಲ್ಲಿ ಹುಣ್ಣು ಒಣಗಿತು, ಬೆರಳು ಸಡಿಲವಾಯಿತು. ಮೊದಲ ಸಲ ಮುಷ್ಟಿ ಕಟ್ಟಲು ಬಂದ ಬೆಳಿಗ್ಗೆ ಅವಳು ಸೂಜಿಯ ಡಬ್ಬಿ ತೆರೆಯಬಹುದಿತ್ತು. ತೆರೆಯಲಿಲ್ಲ. ಗಂಡನ ಕೈಯಿಂದ ನೆಲ ಒರೆಸುವ ಬಟ್ಟೆ ಕಿತ್ತುಕೊಂಡು, ಬಕೆಟ್ಟಿನಲ್ಲಿ ಅದ್ದಿ, ತೊಟ್ಟೂ ಉಳಿಯದಂತೆ ಹಿಂಡಿ, ಎಲ್ಲರೆದುರು ಎತ್ತಿ ಹಿಡಿದಳು.

"ಅಬ್ಬಾ! ನಿನ್ನ ಕೈ ನಿನಗೆ ಬಂತಲ್ಲೇ!" ಎಂದ ಗಂಡ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಆ ಬಟ್ಟೆಯನ್ನು ಅವನು ಮತ್ತೆ ಮುಟ್ಟಲಿಲ್ಲ.

ಯಾರೂ ಬಲವಂತ ಮಾಡಲಿಲ್ಲ. ಪಾತ್ರೆಗಳು ಬಂದವು, ಆಮೇಲೆ ತರಕಾರಿಯ ಬುಟ್ಟಿ, ಕೊನೆಗೆ ನೆನೆಸಿಟ್ಟ ಹೊದಿಕೆಗಳು. ಹಳೆಯ ನೆಂಟರಂತೆ, ಕರೆಯದೆಯೇ. ಚಳಿಗಾಲಕ್ಕೆ ಬೆರಳತುದಿ ಮತ್ತೆ ಒಡೆಯಿತು. ನೀರಿನಿಂದಲೋ, ಕಾಯಿಲೆಯೇ ಮರಳಿತೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ.

"ಅಕ್ಕಾ, ಕೈ ವಾಸಿಯಾಯ್ತಂತಲ್ಲ, ಇದಕ್ಕೆ ನೀನೇ ಕಾಜಾ ಹಾಕ್ಬೇಕು ಅಂತ ಎತ್ತಿಟ್ಟಿದ್ದೆ," ಎಂದು ಅಂಗಡಿಯ ಟೈಲರು ರೇಷ್ಮೆಯ ಅಂಗಿಯೊಂದನ್ನು ಮುಂದಿಟ್ಟ. ಒಂದು ಕಾಜಾ ಮುಗಿಯುವ ಮೊದಲೇ ಸೂಜಿ ಜಾರಿತು; ಬಟ್ಟೆಗೆ ರಕ್ತ ಹತ್ತಿತು. ಅಂದು ಅವಳು "ಇರಲಿ ಬಿಡಿ" ಎನ್ನಲಿಲ್ಲ.

"ಆ ಒರೆಸೋ ಬಟ್ಟೆ ಯಾಕಾದ್ರೂ ಹಿಂಡಿದೆನೋ," ಎಂದಳು.

ಇಂಥ ಹೆಂಗಸರು ಕಾಯಿಲೆ ಕೊಟ್ಟ ಬಿಡುವನ್ನು ಮನೆಯ ಋಣವೆಂದೇ ತಿಳಿಯುತ್ತಾರೆ. ಕೈಗೆ ಚೂರು ಜೀವ ಬಂದೊಡನೆ ಅದನ್ನು ತೀರಿಸಲು ಓಡುತ್ತಾರೆ. ತಮ್ಮ ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಆ ಜೀವ ಖರ್ಚಾಗಿರುತ್ತದೆ.