ರಸಂ ಆಂಟಿಯ ದನಿ

"ಅಜ್ಜಿ ಸ್ಕೂಲಿಗೆ ಬರ್ಲಿ ಮಮ್ಮೀ, ಬಟ್ ಸ್ಟೇಜಲ್ಲಿ ಮಾತಾಡೋದು ಬೇಡ, ಪ್ಲೀಸ್," ಎಂದಳು ನಿಶ್ಮಿತಾ, ಶೂ ಲೇಸಿನಿಂದ ತಲೆ ಎತ್ತದೆ. "ಕ್ಲಾಸಲ್ಲಿ ಎಲ್ಲರೂ ಅಜ್ಜಿನ ರಸಂ ಆಂಟಿ ಅಂತಾರೆ."

ಹರಿಣಿಯ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ರಸಂ ಆಂಟಿ ಎಂದರೆ ಟೀವಿಯ ಹಿಂದಿ ಕಾರ್ಟೂನಿನಲ್ಲಿ ಬರುವ, ಪಕ್ಕದ ಮನೆಯ ಮದ್ರಾಸಿ ಹೆಂಗಸು. ಮಾತಿಗೊಮ್ಮೆ ಅಯ್ಯಯ್ಯೋ ಎನ್ನಬೇಕು, ಹಿಂದಿಯನ್ನು ಎಳೆದೆಳೆದು ಹಿಂಸಿಸಬೇಕು. ಐದು ವರ್ಷದಿಂದ ಅವಳಿಗೆ ದನಿ ಕೊಡುತ್ತಿರುವವಳು ಹರಿಣಿಯೇ. ಮುಂಬಯಿಯ ಪರೇಲಿನ ಚಾಳಿನಲ್ಲಿ ಹುಟ್ಟಿ ಬೆಳೆದವಳಿಗೆ ಹಿಂದಿ ನೀರು ಕುಡಿದಷ್ಟು ಸಲೀಸು. ಆಡಿಷನ್ನಿನಲ್ಲಿ ಹಾಗೆ ಮಾತಾಡೆಂದಾಗ ಬೇರೆಲ್ಲೂ ಹುಡುಕಲು ಹೋಗದೆ, ಮನೆಯಲ್ಲೇ ಇದ್ದ ಅಮ್ಮನ ದನಿಯನ್ನು ಎತ್ತಿಕೊಂಡು ಒಂದಿಷ್ಟು ಮಸಾಲೆ ಸೇರಿಸಿದ್ದಳು.

"ನಾನೂ ಹಾಗೇ ಮಾತಾಡ್ತೇನಲ್ಲ? ಅದಕ್ಕೆ ನಿನ್ನ ಫ್ರೆಂಡ್ಸ್ ಚಪ್ಪಾಳೆ ಹೊಡೀತಾರೆ."

"ನೀನು ಆಕ್ಟಿಂಗ್ ಮಾಡ್ತಿ. ಅಜ್ಜಿ ರಿಯಲ್ ಇದ್ದಾರೆ."

ಅಡುಗೆಮನೆಯ ಪಾತ್ರೆ ಸದ್ದು ನಿಂತಿತ್ತು. ಶಾಲೆಯ ಅಜ್ಜ-ಅಜ್ಜಿಯರ ದಿನಕ್ಕೆಂದು ನಾಲ್ಕು ದಿನದಿಂದ ಹಿಂದಿಯಲ್ಲಿ ಒಂದು ಕಥೆ ಬಾಯಿಪಾಠ ಮಾಡುತ್ತಿದ್ದ ಅಮ್ಮ ಶೀಲಾವತಿ ಒಳಗೇ ಇದ್ದಳು. ಹರಿಣಿಗೆ ನಾಚಿಕೆಯಾಯಿತು.

ಬೊರಿವಲಿಯ ಶಾಲೆಯ ಸಭಾಂಗಣದಲ್ಲಿ ಟೀಚರ್ ಹೆಸರು ಕರೆದಾಗ ಶೀಲಾವತಿ ಏಳಲಿಲ್ಲ. ನಗುತ್ತ ಗಂಟಲು ಮುಟ್ಟಿ ತೋರಿಸಿ, ಆಗುವುದಿಲ್ಲವೆಂದು ಕೈಯಾಡಿಸಿದಳು. ಬೆಳಿಗ್ಗೆಯಷ್ಟೇ ಹಾಲಿನವನೊಡನೆ ಜಗಳವಾಡಿ ಗೆದ್ದ ಗಂಟಲು ಅದು.

"ಕೋಯೀ ಬಾತ್ ನಹೀಂ," ಎಂದ ಟೀಚರ್, ಹಾಗಾದರೆ ನಿಶ್ಮಿತಾಳ ಮಮ್ಮಿ ರಸಂ ಆಂಟಿಯಾಗಿ ಎರಡು ಮಾತಾಡಲಿ ಎಂದರು. ಮಕ್ಕಳೆಲ್ಲ ಒಟ್ಟಿಗೆ ಅಯ್ಯಯ್ಯೋ ಎಂದು ಕೂಗಿದರು. ಮೈಕು ಹರಿಣಿಯ ಕೈಗೆ ಬಂತು.

ಪಕ್ಕದಲ್ಲಿ ಕುಳಿತಿದ್ದ ಅಮ್ಮ, ಮಾಡು ಮಾಡು ಎಂದು ಕಣ್ಣಲ್ಲೇ ಹುರಿದುಂಬಿಸಿದಳು. ಹರಿಣಿಗೆ ಅದನ್ನು ನೋಡಲಾಗಲಿಲ್ಲ. ತನ್ನ ಗಂಟಲೂ ಕಟ್ಟಿದೆ ಎಂದು ಹಿಂದಿಯಲ್ಲಿ ಹೇಳಿ ಮೈಕು ಹಿಂದಿರುಗಿಸಿದಳು.

"ಅಯ್ಯಯ್ಯೋ, ನಿನಗೆ ಎಂತಾಯ್ತು?" ಶೀಲಾವತಿ ಗಾಬರಿಯಲ್ಲಿ ಎಲ್ಲ ಮರೆತು ಗಟ್ಟಿಯಾಗಿ ಕೇಳಿಯೇಬಿಟ್ಟಳು. "ಮಧ್ಯಾಹ್ನ ರೆಕಾರ್ಡಿಂಗ್ ಉಂಟಲ್ವಾ ಮಾರಾಯ್ತಿ?"

ಇಡೀ ಸಭಾಂಗಣವೇ ಘೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ನಿಶ್ಮಿತಾ ತಲೆ ತಗ್ಗಿಸಿದಳು. ಶೀಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹರಿಣಿ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ನಗು ನಿಂತ ಮೇಲೂ ಬಿಡಲಿಲ್ಲ.